ಗೇಮ್ ಕನ್ಸೋಲ್‌ಗಳ ವಿನಿಮಯ ವ್ಯಾಪಾರ: ಹಳೆಯದರ ಬೆಲೆ ಬೇರೆಯಾಗಿ ಕಾಣಲಿ

ಹಳೆಯ ಬಂಗಾರವನ್ನು ಕೊಟ್ಟು ಹೊಸ ಒಡವೆ ಕೊಳ್ಳುವ ಪದ್ಧತಿ ಕರ್ನಾಟಕದ ಮನೆಮನೆಗೂ ಪರಿಚಿತವಾದುದು. ಚಿನ್ನದಂಗಡಿಯಲ್ಲಿ ಹಳೆಯ ಒಡವೆಯನ್ನು ಗ್ರಾಹಕರ ಎದುರಿನಲ್ಲೇ ತೂಗಿ, ಒರೆಗೆ ಹಚ್ಚಿ, ತೇಮಾನು ಕಳೆದು, ಅಂದಿನ ದರದಲ್ಲಿ ಲೆಕ್ಕ ಹಾಕಲಾಗುತ್ತದೆ. ಹೊಸ ಒಡವೆಯ ಲೆಕ್ಕ ಬೇರೆ. ಎರಡರ ನಡುವಣ ವ್ಯತ್ಯಾಸವನ್ನು ಮಾತ್ರ ಗ್ರಾಹಕರು ಪಾವತಿಸುತ್ತಾರೆ. ತೇಮಾನಿನ ಬಗೆಗೆ ಚೌಕಾಸಿ ನಡೆಯಬಹುದು. ಆದರೆ ಎರಡು ಲೆಕ್ಕಗಳೂ ಕಣ್ಣೆದುರಿಗೆ ಇರುತ್ತವೆ.

ಇದೇ ಸಾಟಿ ವ್ಯಾಪಾರವು ವಿದ್ಯುನ್ಮಾನ ಸರಕಿನ ಅಂಗಡಿಗೆ ಬಂದಾಗ ಅದರ ಸ್ವರೂಪವೇ ಬದಲಾಗುತ್ತದೆ. ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್ ಇದಕ್ಕೆ ಉತ್ತಮ ನಿದರ್ಶನ. "ಹಳೆಯದನ್ನು ತನ್ನಿ, ಹೊಸದನ್ನು ಒಯ್ಯಿರಿ" ಎಂಬ ಫಲಕದ ಕೆಳಗೆ ಗ್ರಾಹಕರಿಗೆ ತಿಳಿಯುವುದು ಒಂದೇ ಮೊತ್ತ: ಕೈಯಿಂದ ಎಷ್ಟು ಕೊಡಬೇಕು ಎಂಬುದು. ಹಳೆಯ ಯಂತ್ರಕ್ಕೆ ದೊರೆತದ್ದೆಷ್ಟು, ಹೊಸದರಲ್ಲಿ ರಿಯಾಯಿತಿ ಎಷ್ಟು ಎಂಬುದು ಆ ಒಂದೇ ಮೊತ್ತದಲ್ಲಿ ಮುಳುಗಿಹೋಗುತ್ತದೆ. ಈ ಪದ್ಧತಿ ಗ್ರಾಹಕರಿಗೆ ಹಾನಿಕರ ಎಂಬುದು ಮೇಲ್ನೋಟಕ್ಕೇ ಗೋಚರಿಸುತ್ತದೆ. ವರ್ತಕರಿಗೂ ಅದು ಅಷ್ಟೇ ಹಾನಿಕರ ಎಂಬುದನ್ನು ಗುರುತಿಸಬೇಕಾದ ಕಾಲ ಬಂದಿದೆ.

ಹಿನ್ನೆಲೆ

ಜಪಾನಿನ ನಿಂಟೆಂಡೊ ಸಂಸ್ಥೆಯು 1989ರಲ್ಲಿ ಗೇಮ್ ಬಾಯ್ ಎಂಬ ಯಂತ್ರವನ್ನು ಬಿಡುಗಡೆ ಮಾಡಿತು. 2001ರಲ್ಲಿ ಗೇಮ್ ಬಾಯ್ ಅಡ್ವಾನ್ಸ್, 2004ರಲ್ಲಿ ಡಿಎಸ್, 2006ರಲ್ಲಿ ಡಿಎಸ್ ಲೈಟ್, 2011ರಲ್ಲಿ 3ಡಿಎಸ್, 2017ರಲ್ಲಿ ಸ್ವಿಚ್, 2025ರ ಜೂನ್ 5ರಂದು ಸ್ವಿಚ್ 2 ಮಾರುಕಟ್ಟೆಗೆ ಬಂದವು. ಸೋನಿ ಸಂಸ್ಥೆಯು 2004ರಲ್ಲಿ ಪಿಎಸ್‌ಪಿ ಹಾಗೂ 2011ರಲ್ಲಿ ಪಿಎಸ್ ವೀಟಾ ಯಂತ್ರಗಳನ್ನು ಹೊರತಂದಿತು. ಡಿಎಸ್ ಮಾದರಿಗಳೇ ಜಗತ್ತಿನಾದ್ಯಂತ 15 ಕೋಟಿಗೂ ಅಧಿಕ ಸಂಖ್ಯೆಯಲ್ಲಿ ಮಾರಾಟವಾದವು. ಹೀಗೆ ಕೆಲವು ವರ್ಷಗಳಿಗೊಮ್ಮೆ ಹೊಸ ಮಾದರಿ ಬಂದಾಗಲೆಲ್ಲ ಸುಸ್ಥಿತಿಯಲ್ಲಿರುವ ಹಳೆಯ ಯಂತ್ರಗಳು ಮನೆಗಳ ಕಪಾಟು ಸೇರುತ್ತವೆ. ಅವುಗಳನ್ನು ಮರಳಿ ಪಡೆದು ಬೇರೊಬ್ಬರಿಗೆ ಮಾರುವುದೇ ವಿನಿಮಯ ವ್ಯಾಪಾರದ ಆಧಾರ.

ಈ ವ್ಯಾಪಾರದ ಲಾಭ ಅಲ್ಪವಾದುದಲ್ಲ. ಅಮೆರಿಕದ ಗೇಮ್‌ಸ್ಟಾಪ್ ಸಂಸ್ಥೆಯು 2010ರ ದಶಕದ ಆರಂಭದಲ್ಲಿ ಹೊಸ ಯಂತ್ರಗಳ ಮೇಲೆ ಗಳಿಸುತ್ತಿದ್ದ ಒಟ್ಟು ಲಾಭಾಂಶ ಶೇ. 10ಕ್ಕಿಂತಲೂ ಕಡಿಮೆ, ಬಳಸಿದ ಸರಕಿನ ಮೇಲೆ ಅದು ಶೇ. 40ನ್ನು ಮೀರಿತ್ತು. ಹೊಸ ಕನ್ಸೋಲ್ ಮಾರುವ ವರ್ತಕನಿಗೆ ಉಳಿಯುವುದು ಕಡಿಮೆ, ಹಳೆಯದನ್ನು ಕೊಂಡು ಮಾರುವವನಿಗೆ ಉಳಿಯುವುದು ಹೆಚ್ಚು ಎಂಬುದು ಇದರಿಂದ ಸ್ಪಷ್ಟ. ಬಳಸಿದ ಗೇಮ್‌ಗಳ ಮಾರಾಟದ ವಿರುದ್ಧ ಜಪಾನಿನ ತಯಾರಕರು ಹೂಡಿದ್ದ ವ್ಯಾಜ್ಯದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2002ರ ಏಪ್ರಿಲ್‌ನಲ್ಲಿ ವರ್ತಕರ ಪರವಾಗಿಯೇ ತೀರ್ಪಿತ್ತಿತು. ಒಮ್ಮೆ ನ್ಯಾಯವಾಗಿ ಮಾರಾಟವಾದ ಪ್ರತಿಯ ಮರುಮಾರಾಟವನ್ನು ತಯಾರಕರು ತಡೆಯಲಾರರು ಎಂಬುದು ಅದರ ಸಾರಾಂಶ.

ಬೆಂಗಳೂರಿನ ಎಸ್.ಪಿ. ರಸ್ತೆ ಹಾಗೂ ನ್ಯಾಷನಲ್ ಮಾರ್ಕೆಟ್‌ನಂತಹ ಪ್ರದೇಶಗಳ ವರ್ತಕರಿಗೆ ಬಳಸಿದ ಸರಕಿನ ಮೌಲ್ಯವನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಆ ಮೌಲ್ಯವನ್ನು ಲೆಕ್ಕದ ಪುಸ್ತಕದಲ್ಲಿ ಹೇಗೆ ಕಾಣಿಸಬೇಕು ಎಂಬಲ್ಲಿ ಎಡವುವವರು ಅನೇಕರು.

ಕಾನೂನು ಹೇಳುವುದೇನು?

ಸರಕು ಮತ್ತು ಸೇವಾ ತೆರಿಗೆಯ 2017ರ ನಿಯಮಗಳಲ್ಲಿ 27ನೆಯ ನಿಯಮವು ಪೂರ್ಣವಾಗಿ ಹಣದ ರೂಪದಲ್ಲಿಲ್ಲದ ಪ್ರತಿಫಲವನ್ನು ಕುರಿತದ್ದು. ಹಳೆಯ ಫೋನನ್ನು ಪಡೆದು ಹೊಸ ಫೋನನ್ನು 20,000 ರೂಪಾಯಿಗೆ ಕೊಟ್ಟಾಗ, ವಿನಿಮಯವಿಲ್ಲದೆ ಅದರ ಬೆಲೆ 24,000 ರೂಪಾಯಿ ಆಗಿದ್ದಲ್ಲಿ, ತೆರಿಗೆಗೆ ಪರಿಗಣಿಸಬೇಕಾದ ಮೌಲ್ಯ 24,000 ರೂಪಾಯಿ ಎಂಬ ಉದಾಹರಣೆಯನ್ನು ಆ ನಿಯಮವೇ ನೀಡುತ್ತದೆ. ಗೇಮ್ ಕನ್ಸೋಲ್‌ಗೂ ಇದೇ ತತ್ತ್ವ ಅನ್ವಯಿಸುತ್ತದೆ.

ಬಳಸಿದ ಸರಕಿನ ಮರುಮಾರಾಟಕ್ಕೆ 32ನೆಯ ನಿಯಮದ 5ನೆಯ ಉಪನಿಯಮವಿದೆ. ಹಳೆಯ ಸರಕನ್ನು ಇದ್ದಂತೆಯೇ ಅಥವಾ ಅದರ ಸ್ವರೂಪ ಬದಲಾಗದಷ್ಟು ಅಲ್ಪ ದುರಸ್ತಿಯ ನಂತರ ಮಾರುವ ವರ್ತಕನು, ಅದರ ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆಯನ್ನು ಪಡೆಯದೇ ಇದ್ದಲ್ಲಿ, ಮಾರಾಟ ಬೆಲೆ ಹಾಗೂ ಖರೀದಿ ಬೆಲೆಯ ನಡುವಣ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ತೆತ್ತರೆ ಸಾಕು. ವ್ಯತ್ಯಾಸವು ಋಣಾತ್ಮಕವಾದರೆ ಅದನ್ನು ಪರಿಗಣಿಸುವುದಿಲ್ಲ.

ಒಂದು ಕಾಲ್ಪನಿಕ ಲೆಕ್ಕದಿಂದ ಇದನ್ನು ವಿಶದಪಡಿಸಬಹುದು. ತೆರಿಗೆ ಹೊರತುಪಡಿಸಿ ಹೊಸ ಕನ್ಸೋಲ್‌ನ ಬೆಲೆ 30,000 ರೂಪಾಯಿ. ಹಳೆಯದಕ್ಕೆ ಕಟ್ಟಿದ ಬೆಲೆ 8,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇಲ್ಲಿ ಹೊಸದರ ಮೇಲಿನ ತೆರಿಗೆ 30,000 ರೂಪಾಯಿಯ ಮೇಲೆಯೇ ಹೊರತು 22,000 ರೂಪಾಯಿಯ ಮೇಲಲ್ಲ. ಹಳೆಯ ಯಂತ್ರವನ್ನು ಮುಂದೆ 10,500 ರೂಪಾಯಿಗೆ ಮಾರಿದರೆ ವ್ಯತ್ಯಾಸ 2,500 ರೂಪಾಯಿ, ಶೇ. 18ರಂತೆ ತೆರಿಗೆ 450 ರೂಪಾಯಿ. ಖರೀದಿ ಬೆಲೆಗೆ ದಾಖಲೆಯೇ ಇಲ್ಲದಿದ್ದರೆ ಈ ಸೌಲಭ್ಯವನ್ನು ಸಮರ್ಥಿಸಿಕೊಳ್ಳುವುದು ಅಸಾಧ್ಯ. ಆಗ ಪೂರ್ಣ 10,500 ರೂಪಾಯಿಯ ಮೇಲೆ 1,890 ರೂಪಾಯಿ ತೆರಬೇಕಾದೀತು.

ಗ್ರಾಹಕರನ್ನು ಸೆಳೆಯಲು ಹಳೆಯದರ ಬೆಲೆಯನ್ನು ಉಬ್ಬಿಸಿ 12,000 ರೂಪಾಯಿ ಎಂದು ಬರೆಯುವವರಿಗೂ ಇದರಲ್ಲಿ ಪಾಠವಿದೆ. ಆ ಯಂತ್ರ 10,500 ರೂಪಾಯಿಗೆ ಮಾರಾಟವಾದಾಗ ಉಂಟಾಗುವ 1,500 ರೂಪಾಯಿಯ ನಷ್ಟವನ್ನು ಮತ್ತೊಂದು ಯಂತ್ರದ ಲಾಭದಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಅಂದರೆ ಹಳೆಯದರ ಬೆಲೆಯನ್ನು ಮರೆಮಾಚುವುದೂ ನಷ್ಟ, ಉಬ್ಬಿಸುವುದೂ ನಷ್ಟ. ಯಂತ್ರವು ನಿಜವಾಗಿ ಬಾಳುವ ಬೆಲೆಯನ್ನು ಬರೆಯುವುದೊಂದೇ ವರ್ತಕನಿಗೆ ಕ್ಷೇಮಕರ.

ಹಳೆಯ ಯಂತ್ರದೊಡನೆ ಹೋಗುವುದೇನು?

ಬೆಲೆಯ ಪ್ರಶ್ನೆಯಷ್ಟೇ ಮುಖ್ಯವಾದುದು ಗ್ರಾಹಕರು ಯಂತ್ರದೊಡನೆ ಮತ್ತೇನನ್ನು ಬಿಟ್ಟುಕೊಡುತ್ತಾರೆ ಎಂಬ ಪ್ರಶ್ನೆ. ಗೇಮ್ ಬಾಯ್ ಅಡ್ವಾನ್ಸ್‌ನ ಕಾರ್ಟ್ರಿಜ್‌ಗಳು ಡಿಎಸ್ ಲೈಟ್‌ನಲ್ಲಿ ನಡೆಯುತ್ತಿದ್ದವು. ನಂತರ ಬಂದ ಡಿಎಸ್‌ಐ ಮಾದರಿಯಲ್ಲಿ ಆ ಕಿಂಡಿಯನ್ನೇ ತೆಗೆದುಹಾಕಲಾಯಿತು. ಡಿಎಸ್ ಲೈಟ್ ಕೊಟ್ಟು ಡಿಎಸ್‌ಐ ಪಡೆದ ಬಾಲಕನ ಪೆಟ್ಟಿಗೆಯಲ್ಲಿದ್ದ ಹಳೆಯ ಕಾರ್ಟ್ರಿಜ್‌ಗಳು ಅಂದಿನಿಂದ ನಿರುಪಯೋಗಿಯಾದವು. 2009ರ ಪಿಎಸ್‌ಪಿ ಗೋ ಯಂತ್ರದಲ್ಲಿ ಬಿಲ್ಲೆ ಹಾಕುವ ವ್ಯವಸ್ಥೆಯೇ ಇರಲಿಲ್ಲವಾದ್ದರಿಂದ ಹಳೆಯ ಪಿಎಸ್‌ಪಿಯ ಬಿಲ್ಲೆಗಳ ಗತಿಯೂ ಅದೇ ಆಯಿತು. 3ಡಿಎಸ್‌ನ ಕಾರ್ಡ್‌ಗಳು ಸ್ವಿಚ್‌ನಲ್ಲಿ ನಡೆಯುವುದಿಲ್ಲ. ಸ್ವಿಚ್‌ನ ಬಹುಪಾಲು ಗೇಮ್‌ಗಳು ಸ್ವಿಚ್ 2ರಲ್ಲಿ ನಡೆಯುತ್ತವೆ.

3ಡಿಎಸ್‌ನಲ್ಲಿ ಇನ್ನೊಂದು ತೊಡಕಿತ್ತು. ಅಂತರಜಾಲದ ಮೂಲಕ ಕೊಂಡ ಗೇಮ್‌ಗಳನ್ನು ಹೊಸ ಯಂತ್ರಕ್ಕೆ ವರ್ಗಾಯಿಸಲು ಹಳೆಯ ಹಾಗೂ ಹೊಸ ಯಂತ್ರಗಳೆರಡೂ ಏಕಕಾಲದಲ್ಲಿ ಕೈಯಲ್ಲಿರಬೇಕಾಗಿತ್ತು. ಅಂಗಡಿಯಲ್ಲಿ ಹಳೆಯದನ್ನು ಒಪ್ಪಿಸಿ, ಮನೆಗೆ ಹೋಗಿ ಹೊಸದನ್ನು ತೆರೆದವರಿಗೆ ಆ ಅವಕಾಶ ತಪ್ಪಿಹೋಗುತ್ತಿತ್ತು. ಆ ಯಂತ್ರದ ಅಂತರಜಾಲ ಮಳಿಗೆಯಲ್ಲಿ ಖರೀದಿಯು 2023ರ ಮಾರ್ಚ್ 27ರಂದು ನಿಂತುಹೋಯಿತು. ಹೀಗೆ ಕಳೆದುಕೊಂಡದ್ದನ್ನು ಇನ್ನು ಹಣ ಕೊಟ್ಟರೂ ಅಲ್ಲಿ ಮರಳಿ ಕೊಳ್ಳಲಾಗದು.

"ವರ್ಗಾವಣೆ ಮುಗಿಯಿತೇ? ಹಳೆಯ ಕಾರ್ಡ್‌ಗಳು ಹೊಸದರಲ್ಲಿ ನಡೆಯುತ್ತವೆಯೇ ಎಂದು ನೋಡಿದಿರಾ? ಖಾತೆಯನ್ನು ಯಂತ್ರದಿಂದ ಬೇರ್ಪಡಿಸಿದಿರಾ?" ಎಂಬ ಮೂರು ಪ್ರಶ್ನೆಗಳನ್ನು ಕೇಳಲು ವರ್ತಕನಿಗೆ ಎರಡು ನಿಮಿಷ ಸಾಕು. ಈ ಪ್ರಶ್ನೆಗಳಿಂದ ಅಂದಿನ ಒಂದು ವ್ಯಾಪಾರ ಕೈತಪ್ಪಬಹುದು. ಆದರೆ ಆ ಕುಟುಂಬದ ಮುಂದಿನ ವ್ಯಾಪಾರಗಳು ಅದೇ ಅಂಗಡಿಗೆ ಬರುತ್ತವೆ.

ವರ್ತಕನು ಹೊರುವ ಅಪಾಯ

ವಿನಿಮಯದಲ್ಲಿ ಅಪಾಯವೆಲ್ಲವೂ ಗ್ರಾಹಕರದೇ ಎಂದು ಭಾವಿಸುವುದು ಸರಿಯಲ್ಲ. 3ಡಿಎಸ್ ಯಂತ್ರವು 2011ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ 249.99 ಡಾಲರ್ ಬೆಲೆಗೆ ಬಿಡುಗಡೆಯಾಯಿತು. ಅದೇ ಆಗಸ್ಟ್‌ನಲ್ಲಿ ಬೆಲೆ 169.99 ಡಾಲರ್‌ಗೆ ಇಳಿಯಿತು. ಹೊಸದರ ಬೆಲೆ ಹೀಗೆ ಒಮ್ಮೆಲೇ 80 ಡಾಲರ್ ಕುಸಿದಾಗ ಕಪಾಟಿನಲ್ಲಿರುವ ಬಳಸಿದ ಯಂತ್ರಗಳ ಬೆಲೆಯೂ ಕುಸಿಯುತ್ತದೆ. ಮೊದಲೇ ಕೊಂಡ ಗ್ರಾಹಕರಿಗೆ ತಯಾರಕರು 20 ಹಳೆಯ ಗೇಮ್‌ಗಳನ್ನು ಉಚಿತವಾಗಿ ನೀಡಿ ಸಮಾಧಾನಪಡಿಸಿದರು. ಬಳಸಿದ ಸರಕನ್ನು ಕೂಡಿಟ್ಟುಕೊಂಡ ವರ್ತಕನಿಗೆ ಅಂತಹ ಸಮಾಧಾನ ಯಾರೂ ನೀಡಲಾರರು. ಆದ್ದರಿಂದಲೇ ಹಳೆಯದಕ್ಕೆ ವರ್ತಕನು ಕಡಿಮೆ ಬೆಲೆ ಕಟ್ಟುತ್ತಾನೆ. ಆ ಕಾರಣ ನ್ಯಾಯವಾದುದು. ಅದನ್ನು ಗ್ರಾಹಕರಿಗೆ ಬಿಡಿಸಿ ಹೇಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇನ್ನೂ ಗಂಭೀರವಾದ ಅಪಾಯಗಳೂ ಇವೆ. ಕನ್ಸೋಲ್ ತರುವವರಲ್ಲಿ ಅನೇಕರು ಶಾಲಾ ಬಾಲಕರು. 1872ರ ಭಾರತೀಯ ಕರಾರು ಕಾಯ್ದೆಯ 11ನೆಯ ಪ್ರಕರಣದಂತೆ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಪೋಷಕರ ಒಪ್ಪಿಗೆಯಿಲ್ಲದೆ ಬಾಲಕನಿಂದ ಯಂತ್ರ ಪಡೆದ ಅಂಗಡಿಗೆ ಮರುದಿನ ತಂದೆ ಬಂದು ನಿಂತರೆ ವರ್ತಕನ ಬಳಿ ಉತ್ತರವಿರುವುದಿಲ್ಲ. ಕಳವಿನ ಸರಕಾದರೆ ತೊಂದರೆ ಇನ್ನೂ ಹೆಚ್ಚು. ಮಾರುವವನಿಗೆ ಇಲ್ಲದ ಒಡೆತನ ಕೊಳ್ಳುವವನಿಗೆ ಬಾರದು ಎಂಬುದು 1930ರ ಸರಕು ಮಾರಾಟ ಕಾಯ್ದೆಯ ಮೂಲತತ್ತ್ವ. ಕಳವಿನ ಮಾಲೆಂದು ತಿಳಿದೋ, ಹಾಗೆಂದು ನಂಬಲು ಕಾರಣವಿದ್ದೋ ಸ್ವೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅಪರಾಧ. ಯಂತ್ರದ ಕ್ರಮಸಂಖ್ಯೆ, ತಂದವರ ಗುರುತಿನ ಚೀಟಿ ಹಾಗೂ ಸಹಿ ಇರುವ ಖರೀದಿ ಚೀಟಿಯೊಂದೇ ತೆರಿಗೆ ಹಾಗೂ ಪೊಲೀಸ್ ವಿಚಾರಣೆಗಳೆರಡರಲ್ಲೂ ವರ್ತಕನ ರಕ್ಷಣೆಗೆ ಬರುತ್ತದೆ.

ಇತ್ತೀಚಿನ ಯಂತ್ರಗಳು ಹೊಸ ಸಮಸ್ಯೆಯೊಂದನ್ನು ತಂದಿವೆ. ಅನಧಿಕೃತ ಕಾರ್ಡ್ ಬಳಸಿದ ಸ್ವಿಚ್ 2 ಯಂತ್ರಗಳಿಗೆ ತಯಾರಕರು 2025ರಲ್ಲಿ ಅಂತರಜಾಲ ಸೇವೆಯನ್ನೇ ನಿರ್ಬಂಧಿಸಿದರು. ಈ ನಿರ್ಬಂಧ ಯಂತ್ರಕ್ಕೆ ಅಂಟಿಕೊಳ್ಳುವುದರಿಂದ ಅದನ್ನು ಕೊಂಡ ಎರಡನೆಯ ಒಡೆಯರೂ ತೊಂದರೆಗೆ ಈಡಾಗುತ್ತಾರೆ. ಹೊರಮೈಯ ಗೀರು, ಬ್ಯಾಟರಿಯ ಉಬ್ಬು, ಗುಂಡಿಗಳ ಸವಕಳಿ ಪರೀಕ್ಷಿಸಿದರಷ್ಟೇ ಸಾಲದು. ಅಂತರಜಾಲಕ್ಕೆ ಜೋಡಿಸಿ ನೋಡಿದ ಮೇಲೆಯೇ ಬೆಲೆ ಹೇಳಬೇಕು.

ಕೊಳ್ಳಲು ಯೋಗ್ಯವಲ್ಲದ ಯಂತ್ರಗಳ ವಿಷಯದಲ್ಲಿಯೂ ಹೊಣೆಗಾರಿಕೆಯಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕೈಯಲ್ಲಿ ಹಿಡಿಯುವ ವಿಡಿಯೋ ಗೇಮ್ ಕನ್ಸೋಲ್‌ಗಳೂ ಸೇರಿವೆ. ಕೆಟ್ಟುಹೋದ ಯಂತ್ರಗಳನ್ನು ಗುಜರಿಗೆ ಎಸೆಯದೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವುದು ಅಗತ್ಯ.

ಆಕ್ಷೇಪಗಳು

ಗ್ರಾಹಕರು ಕೇಳುವುದು ಕೊನೆಯ ಮೊತ್ತವನ್ನು ಮಾತ್ರ. ಹಳೆಯದರ ಬೆಲೆಯನ್ನು ಬಿಡಿಸಿ ಹೇಳಿದರೆ ಅವರು ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂಬುದು ಅನೇಕ ವರ್ತಕರ ವಾದ. ಇದರಲ್ಲಿ ತಥ್ಯವಿಲ್ಲದಿಲ್ಲ. ಪಕ್ಕದ ಅಂಗಡಿಯವನು ಅದೇ ಯಂತ್ರಕ್ಕೆ 10,000 ರೂಪಾಯಿ ಎಂದು ಹೇಳಿ ಹೊಸದರ ಬೆಲೆಯಲ್ಲಿ 2,000 ರೂಪಾಯಿ ಏರಿಸಿದರೆ, ಪ್ರಾಮಾಣಿಕ ವರ್ತಕನೇ ಜಿಪುಣನಂತೆ ಕಾಣುತ್ತಾನೆ. ಆದರೆ ಈ ತೊಂದರೆ ಹುಟ್ಟುವುದೇ ಎರಡು ಬೆಲೆಗಳು ಬೇರೆಬೇರೆಯಾಗಿ ಕಾಣದಿರುವುದರಿಂದ. ಒಂದು ಬೀದಿಯ ವರ್ತಕರೆಲ್ಲರೂ ವಿನಿಮಯವಿಲ್ಲದ ಬೆಲೆಯನ್ನು ಫಲಕದಲ್ಲಿ ಬರೆದಿಟ್ಟರೆ ಏರಿಸಿದ 2,000 ರೂಪಾಯಿ ಯಾರ ಕಣ್ಣಿಗೂ ಮರೆಯಾಗದು. ಒಬ್ಬ ವರ್ತಕನಿಂದ ಸಾಧ್ಯವಾಗದ ಈ ಕೆಲಸ ವರ್ತಕರ ಸಂಘಗಳಿಂದ ಸಾಧ್ಯ.

ಇಷ್ಟೊಂದು ಕಾಗದಪತ್ರ ಸಣ್ಣ ಅಂಗಡಿಗೆ ಹೊರೆ ಎಂಬುದು ಮತ್ತೊಂದು ಆಕ್ಷೇಪ. ಒಂದು ಪುಟದ ಖರೀದಿ ಚೀಟಿ ಹೊರೆಯೆನಿಸಬಹುದು. ಅದಿಲ್ಲದ ಅಂಗಡಿಗೆ ಬರುವ ತೆರಿಗೆ ನೋಟೀಸು ಅದಕ್ಕಿಂತ ದೊಡ್ಡ ಹೊರೆ. ತಮ್ಮ ತಮ್ಮ ಲೆಕ್ಕಪರಿಶೋಧಕರೊಡನೆ ಸಮಾಲೋಚಿಸಿ ಚೀಟಿಯ ನಮೂನೆಯನ್ನು ಒಮ್ಮೆ ಸಿದ್ಧಪಡಿಸಿಕೊಂಡರೆ ಅದನ್ನೇ ಮುಂದುವರಿಸಬಹುದು.

ಮುಂದಿನ ಹಾದಿ

ಈ ವ್ಯಾಪಾರಕ್ಕೆ ಇರುವ ಕಾಲಾವಕಾಶವೂ ಅಪರಿಮಿತವಲ್ಲ. ಗೇಮ್‌ಗಳು ಕಾರ್ಡ್‌ನಿಂದ ಖಾತೆಗೆ ಸ್ಥಳಾಂತರಗೊಳ್ಳುತ್ತಿವೆ. ಸ್ವಿಚ್ 2ರ ಕೆಲವು ಕಾರ್ಡ್‌ಗಳಲ್ಲಿ ಗೇಮ್ ಇರುವುದೇ ಇಲ್ಲ. ಅದನ್ನು ಅಂತರಜಾಲದಿಂದ ಇಳಿಸಿಕೊಳ್ಳಲು ಬೇಕಾದ ಕೀಲಿ ಮಾತ್ರ ಇರುತ್ತದೆ. ಅಂತಹ ಕಾರ್ಡನ್ನು ಮರುಮಾರಾಟ ಮಾಡಬಹುದಾದರೂ ಇಳಿಸಿಕೊಳ್ಳುವ ವ್ಯವಸ್ಥೆ ಇರುವವರೆಗೆ ಮಾತ್ರ ಅದಕ್ಕೆ ಬೆಲೆ. ಖಾತೆಗೆ ನೇರವಾಗಿ ಕೊಂಡ ಗೇಮ್‌ಗಂತೂ ವಿನಿಮಯ ಮೌಲ್ಯವೇ ಇಲ್ಲ. ಕೊನೆಗೆ ಅಂಗಡಿಯ ಕೈಯಲ್ಲಿ ಉಳಿಯುವುದು ಯಂತ್ರದ ವಿನಿಮಯ ಹಾಗೂ ಗ್ರಾಹಕರ ವಿಶ್ವಾಸ ಮಾತ್ರ.

ಇಂದು ಹಳೆಯ ಕನ್ಸೋಲ್ ಹಿಡಿದು ಅಂಗಡಿಗೆ ಬರುವ ಬಾಲಕ ನಾಳೆ ಲ್ಯಾಪ್‌ಟಾಪ್, ನಾಡಿದ್ದು ವಾಹನ ಕೊಳ್ಳುವ ಗ್ರಾಹಕ. ಅವನ ಬದುಕಿನ ಮೊದಲ ವ್ಯಾಪಾರ ಬಹುಶಃ ಇದೇ ಆಗಿರುತ್ತದೆ. ತನ್ನ ವಸ್ತುವಿಗೆ ಎಷ್ಟು ಬೆಲೆ ಬಂದಿತು, ಏಕೆ ಅಷ್ಟೇ ಬಂದಿತು ಎಂಬುದನ್ನು ಅವನು ತಂದೆತಾಯಿಯರ ಪಕ್ಕದಲ್ಲಿ ನಿಂತು ಚೀಟಿಯಲ್ಲಿ ಓದಿ ತಿಳಿಯುವಂತಾಗಬೇಕು. ಚಿನ್ನದಂಗಡಿಯ ತಕ್ಕಡಿಗೆ ಇರುವ ಮರ್ಯಾದೆಯು ವಿದ್ಯುನ್ಮಾನ ಸರಕಿನ ಅಂಗಡಿಯ ವಿನಿಮಯ ಚೀಟಿಗೂ ದೊರೆಯಬೇಕಾದರೆ ರಾಜ್ಯದ ವರ್ತಕರು ಹಾಗೂ ಅವರ ಸಂಘಗಳು ಈ ದಿಶೆಯಲ್ಲಿ ಕಾರ್ಯೋನ್ಮುಖವಾಗುವುದು ಅತ್ಯವಶ್ಯಕ.