ಕುಂಬಾರವಾಡದ ಗೆಡ್ಡೆ, ಧಾರವಾಡದ ಪದವಿ

ಈಚೀಚೆಗೆ ನಮ್ಮ ವಿಶ್ವವಿದ್ಯಾನಿಲಯಗಳ ಸಭೆಗಳಲ್ಲಿ ‘ನಾವೀನ್ಯ’, ‘ಉದ್ಯಮಶೀಲತೆ’ ಎಂಬೆರಡು ಶಬ್ದಗಳು ಮಂತ್ರದಂತೆ ಉಚ್ಚರಿಸಲ್ಪಡುತ್ತಿವೆ. ಕರ್ನಾಟಕ ಸರಕಾರವು 2015ರಲ್ಲಿ ನವೋದ್ಯಮ ನೀತಿಯನ್ನು ಸಾರಿತು. ಕೇಂದ್ರ ಸರಕಾರವು 2019ರಲ್ಲಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಅನ್ವಯಿಸುವ ಇನ್ನೊಂದು ನೀತಿಯನ್ನು ಹೊರಡಿಸಿ, ಉದ್ಯಮ ಹೂಡಬಯಸುವ ವಿದ್ಯಾರ್ಥಿಯು ವ್ಯಾಸಂಗಕ್ಕೆ ಕೆಲಕಾಲ ವಿರಾಮಕೊಟ್ಟು ಮತ್ತೆ ಬಂದು ಸೇರಿಕೊಳ್ಳಬಹುದೆಂದು ಸೂಚಿಸಿತು. ಇವು ಸ್ವಾಗತಾರ್ಹವಾದ ಕ್ರಮಗಳೇ ಸರಿ. ಆದರೆ ಕಾಲೇಜಿನ ಒಂದು ಕೋಣೆಗೆ ಹೊಸ ಫಲಕ ತೂಗಹಾಕಿ, ವರ್ಷಕ್ಕೊಮ್ಮೆ ಸ್ಪರ್ಧೆ ಏರ್ಪಡಿಸಿ, ಬಾಗಿಲಿನಷ್ಟು ದೊಡ್ಡ ಚೆಕ್ಕನ್ನು ಹುಡುಗರ ಕೈಗಿತ್ತು ಭಾವಚಿತ್ರ ತೆಗೆಸಿಕೊಂಡರೆ ಉದ್ಯಮ ಹುಟ್ಟಿತೆಂದು ತಿಳಿಯುವ ಭ್ರಮೆಯೂ ಇದರೊಡನೆ ಬೆಳೆಯುತ್ತಿದೆ. ಅಂಥ ಭಾವಚಿತ್ರಗಳನ್ನು ನಾವೂ ಅಚ್ಚುಹಾಕಿದ್ದೇವೆ. ಈ ದೋಷದಲ್ಲಿ ಪತ್ರಿಕೆಗಳ ಪಾಲೂ ಉಂಟು.

ವಿದ್ಯೆಯೂ ಉದ್ಯಮವೂ ನಿಜವಾಗಿ ಕೈಗೂಡಿದ ಒಂದು ಪ್ರಸಂಗವನ್ನು ವಾಚಕರಿಗೆ ಜ್ಞಾಪಿಸುತ್ತೇವೆ. ಮೈಸೂರಿನ ಶ್ರೀಗಂಧವು ಹಿಂದೆ ಮರವಾಗಿಯೇ ಹರಾಜಾಗಿ, ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧವು ಸಂಭವಿಸಲು ಆ ವ್ಯಾಪಾರವು ನಿಂತು, ಕಡಿದ ಗಂಧವು ಕೋಠಿಗಳಲ್ಲಿಯೇ ಉಳಿಯಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲವದು. ಕೈಗಾರಿಕಾ ಇಲಾಖೆಯ ಚಾಟರ್ಟನ್ ಸಾಹೇಬರು ಈ ತೊಡಕನ್ನು ಬೆಂಗಳೂರಿನ ಟಾಟಾ ವಿಜ್ಞಾನಮಂದಿರಕ್ಕೆ ಒಯ್ದರು. ಅಲ್ಲಿಯ ಪ್ರಾಧ್ಯಾಪಕರಾದ ಸಡ್‌ಬರೋ, ವಾಟ್ಸನ್ ಎಂಬವರು ಭಟ್ಟಿಯಿಳಿಸುವ ವಿಧಾನವನ್ನು ಸಾಧಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರಖಾನೆಯೂ ಎದ್ದಿತು. ಬಳಿಕ ಸೋಸಲೆ ಗರಳಪುರಿ ಶಾಸ್ತ್ರಿಗಳು ಸಂಸ್ಥಾನದ ವತಿಯಿಂದ ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆಯನ್ನು ಕಲಿತುಬಂದರು. ಅದರ ಫಲವನ್ನು ನಮ್ಮ ವಾಚಕರು ಇಂದಿಗೂ ಬಚ್ಚಲಿನಲ್ಲಿ ಬಳಸುತ್ತಿದ್ದಾರೆ. ಇಲ್ಲಿ ಪ್ರಶ್ನೆಯು ಗಂಧದ ಕೋಠಿಯಿಂದ ಬಂದಿತು, ಉತ್ತರವು ಪ್ರಯೋಗಶಾಲೆಯಿಂದ ಬಂದಿತು, ಹಣವನ್ನೂ ನಷ್ಟದ ಭಯವನ್ನೂ ಸಂಸ್ಥಾನವು ಹೊತ್ತಿತು. ಇಂದು ಉತ್ತರ ಕೊಡುವವರಿಗೆ ಬಹುಮಾನವುಂಟು. ಪ್ರಶ್ನೆಯನ್ನು ಹೊತ್ತು ತರುವವರೇ ಇಲ್ಲ.

ಅದೇ ವಿಜ್ಞಾನಮಂದಿರದಲ್ಲಿ 1974ರಲ್ಲಿ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ವಿಭಾಗವನ್ನು ತೆರೆದರು. ಅವರೂ ಸಹೋದ್ಯೋಗಿಗಳೂ ಕುಣಿಗಲ್ಲಿನ ಬಳಿಯ ಉಂಗ್ರ ಗ್ರಾಮಕ್ಕೆ ಹೋಗಿ, ಹೆಂಗಸರು ಎಷ್ಟು ಸೌದೆ ಸುಡುತ್ತಾರೆ, ಅದನ್ನು ತರಲು ಎಷ್ಟು ಹೊತ್ತು ಕಳೆಯುತ್ತಾರೆಂಬುದನ್ನು ಅಳೆದರು. ಮಲೆನಾಡಿನ ಗೃಹಿಣಿಯರೂ ಬಲ್ಲ ಅಸ್ತ್ರ ಒಲೆಯು ಆ ವಿಭಾಗದ್ದೇ.

ಇನ್ನು ನಮ್ಮ ಜಿಲ್ಲೆಯ ಮಾತು. ಕಾರವಾರದಿಂದ ಅಣಶಿ ಘಟ್ಟವನ್ನೇರಿ ಜೋಯಿಡಾಕ್ಕೆ ಹೋಗುವ ದಾರಿಯಲ್ಲಿ ಕುಂಬಾರವಾಡವಿದೆ. ಸುತ್ತಲೂ ಕಾಳೀ ಹುಲಿ ಸಂರಕ್ಷಿತ ಪ್ರದೇಶ. ಹಿಂದೆ ಸೂಪಾ ಎಂಬ ಹೆಸರಿನಿಂದಲೇ ತಾಲೂಕಿತ್ತು; ಕಾಳೀ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಊರೇ ಮುಳುಗಿತು. ನಾಡಿಗೆ ಬೆಳಕು ಕೊಡಲು ಊರು ಬಿಟ್ಟುಕೊಟ್ಟ ಸೀಮೆಯಿದು. ಇಲ್ಲಿ ದೊಡ್ಡ ಕಾರಖಾನೆಯೊಂದು ಬರುವ ಸಂಭವವಿಲ್ಲ, ಬರಕೂಡದು ಕೂಡ. ಆದುದರಿಂದ ಸಣ್ಣ ಉದ್ಯಮವು ಬೇರೆಡೆಯಲ್ಲಿ ಒಂದು ಆಯ್ಕೆಯಾದರೆ ಇಲ್ಲಿ ಅದೊಂದೇ ದಾರಿ.

ಇಲ್ಲಿಯ ಕುಣಬಿ ಒಕ್ಕಲಿಗರು ಗೆಡ್ಡೆಗೆಣಸುಗಳ ಸಾಗುವಳಿಯಲ್ಲಿ ನಿಪುಣರು. ಕೆಸುವಿನ ಜಾತಿಯ ಮುಡ್ಲಿ ಎಂಬ ಭಾರೀ ಗೆಡ್ಡೆಯನ್ನು ಜೋಯಿಡಾದ ಗೆಡ್ಡೆಗೆಣಸಿನ ಮೇಳದಲ್ಲಿ ಕಂಡವರು ಮರೆಯಲಾರರು. ಮೇಳದ ದಿನ ಪೇಟೆಯವರು ಬರುತ್ತಾರೆ, ಬೆರಗಾಗುತ್ತಾರೆ, ಚೀಲ ತುಂಬಿಕೊಂಡು ಹೋಗುತ್ತಾರೆ. ಮರುದಿನದಿಂದ ಗಿರಾಕಿ ಎಲ್ಲಿ? ಕಿತ್ತ ಗೆಡ್ಡೆ ಹೆಚ್ಚುದಿನ ನಿಲ್ಲದು, ಕೀಳದೆ ಬಿಟ್ಟರೆ ಕಾಡುಹಂದಿಯ ಪಾಲು. ಒಣಗಿಸಬೇಕೆಂದರೆ ಎಷ್ಟು ದಪ್ಪಕ್ಕೆ ಹೆಚ್ಚಬೇಕು, ಎಷ್ಟು ಬಿಸಿಯಲ್ಲಿ ಒಣಗಿಸಬೇಕು, ಹಿಟ್ಟು ಎಷ್ಟು ತಿಂಗಳು ಕೆಡದೆ ಉಳಿದೀತು? ಕೆಸುವಿನ ತುರಿಕೆಯನ್ನು ಹುಳಿ ಹಾಕಿ ಬೇಯಿಸಿ ಅಡಗಿಸುವದನ್ನು ಇಲ್ಲಿಯ ಅಜ್ಜಿಯರು ಬಲ್ಲರು. ಯಾವ ಹುಳಿ, ಎಷ್ಟು ಪ್ರಮಾಣವೆಂಬುದನ್ನು ಅಳೆದು ಬರೆದಿಟ್ಟರೆ ಅದು ಒಂದು ಉದ್ಯಮದ ತಳಹದಿಯಾದೀತು. ಇವು ಎಂ.ಎಸ್‌ಸಿ. ವಿದ್ಯಾರ್ಥಿಯೊಬ್ಬನಿಗೆ ತಕ್ಕ ಪ್ರಶ್ನೆಗಳಲ್ಲವೆಂದು ಯಾರು ಹೇಳಿಯಾರು?

ಕೇಳಲು ಸಂಸ್ಥೆಗಳಿಗೂ ಕೊರತೆಯಿಲ್ಲ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವಿದೆ, 1986ರಿಂದ ಕೃಷಿ ವಿಶ್ವವಿದ್ಯಾನಿಲಯವಿದೆ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯ, ಹಳಿಯಾಳದಲ್ಲಿಯೇ ಇಂಜಿನಿಯರಿಂಗ್ ಕಾಲೇಜು. ಗೆಡ್ಡೆ ಒಣಗಿಸುವ ಪೆಟ್ಟಿಗೆಯೊಂದನ್ನು ರಚಿಸಲು ಹಳಿಯಾಳದ ಹುಡುಗರು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಆದರೆ ಒಂದು ಅಡ್ಡಿಯನ್ನು ಬಿಚ್ಚಿ ಹೇಳಲೇಬೇಕು. 2019ರ ನೀತಿಯು ಅನುಗ್ರಹಿಸಿದ ವಿರಾಮದ ವರ್ಷದಲ್ಲಿ ಬಡವರ ಮಗನು ಉಣ್ಣುವದೇನು? ತಂದೆಯ ಪೇಟೆಯ ಅಂಗಡಿ ಬೆನ್ನಿಗಿದ್ದವನು ಒಂದು ವರ್ಷ ಸೋತರೂ ಚಿಂತೆಯಿಲ್ಲ. ಕುಂಬಾರವಾಡದಿಂದ ಹೋಗಿ ಧಾರವಾಡದ ವಸತಿಗೃಹದಲ್ಲಿ ಓದಿದವನು ಸೋತರೆ ಮನೆಯೇ ಸೋತಂತೆ. ಅವನು ಗುಮಾಸ್ತೆಯ ಪರೀಕ್ಷೆಗೆ ಅರ್ಜಿ ಹಾಕಿದರೆ ಅವನಲ್ಲಿ ಸಾಹಸವಿಲ್ಲವೆಂದು ವೇದಿಕೆಯಿಂದ ಹೀಗಳೆಯುವವರು ತಮ್ಮ ವೇತನವು ತಿಂಗಳ ಕೊನೆಗೆ ತಪ್ಪದೆ ಬರುವದನ್ನು ನೆನೆಯಬೇಕು. ಎರಡು ವರ್ಷಗಳ ಊಟ ವಸತಿಗೆ ಸಾಕಾಗುವ ವೇತನವನ್ನು ಇಂಥವನಿಗೆ ಕೊಟ್ಟು, ಅವನು ಸೋತರೆ ಲೆಕ್ಕದಲ್ಲಿ ತೇಲಿಸಿಬಿಡುವ ಧೈರ್ಯ ವಿಶ್ವವಿದ್ಯಾನಿಲಯದ ಹಣಕಾಸು ಸಮಿತಿಗೆ ಬರಬೇಕು. ಗಂಧದೆಣ್ಣೆಯ ಕಾಲದಲ್ಲಿ ಸಂಸ್ಥಾನವು ತೋರಿದ್ದು ಅದೇ ಧೈರ್ಯವಷ್ಟೆ.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಗೆಡ್ಡೆಯ ತಳಿ ಕುಣಬಿಗಳದು, ಅಡಿಗೆಯ ಜ್ಞಾನ ಅವರ ಹೆಂಗಸರದು. ನಾಳೆ ಪಟ್ಟಣದ ಪದವೀಧರನೊಬ್ಬನು ಹಿಟ್ಟಿನ ಪೊಟ್ಟಣಕ್ಕೆ ತನ್ನ ಹೆಸರನ್ನು ಅಂಟಿಸಿಕೊಂಡು ಲಾಭ ಪಡೆದು, ಬೆಳೆದವನಿಗೆ ಹಳೆಯ ದರವನ್ನೇ ಕೊಡುವದಾದರೆ ಅದು ಶೋಧವಲ್ಲ, ಸುಲಿಗೆ. ರೈತರು ತಮ್ಮ ತಳಿಗಳನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಲು 2001ರ ಕಾಯದೆಯು ಅವಕಾಶ ಕೊಟ್ಟಿದೆ. ಜೀವವೈವಿಧ್ಯದ ಲಾಭದಲ್ಲಿ ಸ್ಥಳಿಕರಿಗೆ ಪಾಲಿರಬೇಕೆಂದು 2002ರ ಕಾಯದೆಯು ಹೇಳುತ್ತದೆ. ವಿಶ್ವವಿದ್ಯಾನಿಲಯಗಳ ಕಾನೂನು ವಿದ್ಯಾರ್ಥಿಗಳು ಈ ಅರ್ಜಿಗಳನ್ನು ಬರೆದುಕೊಟ್ಟರೆ ಅದೂ ಒಂದು ವ್ಯಾಸಂಗವೇ.

ಮುಂದಿನ ಮೇಳಕ್ಕೆ ಕುಲಪತಿಗಳು ಉದ್ಘಾಟಕರಾಗಿ ದಯಮಾಡಿಸುವದು ಬೇಡ. ತಕ್ಕಡಿ, ಉಷ್ಣಮಾಪಕ, ಬರೆಯುವ ಪುಸ್ತಕಗಳೊಡನೆ ಹತ್ತು ವಿದ್ಯಾರ್ಥಿಗಳನ್ನು ಕಳುಹಿಸಿಕೊಡಲಿ. ಮೇಳ ಮುಗಿದ ಮೇಲೆ ಅವರು ಒಂದು ತಿಂಗಳು ಕುಂಬಾರವಾಡದಲ್ಲಿ ಇಳಿದುಕೊಳ್ಳುವ ಏರ್ಪಾಡನ್ನು ತಾಲೂಕಿನ ಅಧಿಕಾರಿಗಳು ಮಾಡಿಕೊಡಲಿ.