ಗೋಡೆಯೊಳಗಿನ ಓವನ್ ಪಾತ್ರೆ ಇಡುವ ಕಪಾಟಲ್ಲ

ಅತ್ತಿಗುಪ್ಪೆ, ವಿಜಯನಗರ, ಚಂದ್ರಾ ಲೇಔಟ್ ಕಡೆ ಹಳೆಯ ಮನೆ ಕೆಡವಿ ಫ್ಲಾಟ್ ಕಟ್ಟುವವರಲ್ಲಿ ಅನೇಕರು ಈಗ ಅಡುಗೆಮನೆಯನ್ನೂ ತಾವೇ ಸಜ್ಜುಗೊಳಿಸಿ ಕೊಡುತ್ತಾರೆ. ಕಪಾಟು, ಚಿಮಣಿ, ಒಲೆ, ಜೊತೆಗೆ ಕಪಾಟಿನ ನಡುವೆ ಕೂರಿಸಿದ ಒಂದು ಎಲೆಕ್ಟ್ರಿಕ್ ಓವನ್. ಮನೆ ನೋಡಲು ಬಂದವರೆಲ್ಲ ಅದರ ಗಾಜಿನ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ ಮೆಚ್ಚುತ್ತಾರೆ. ಆರು ತಿಂಗಳು ಕಳೆದು ಅದೇ ಬಾಗಿಲು ತೆರೆದು ನೋಡಿ. ಒಳಗೆ ಬಾಣಲೆ, ತವಾ, ಪ್ಲಾಸ್ಟಿಕ್ ಡಬ್ಬಗಳು, ಹಬ್ಬಕ್ಕೆಂದು ತೆಗೆದಿಟ್ಟ ಬಸಿಗಳು!

ಇದಕ್ಕೆ ಕಾರಣ ಸೋಮಾರಿತನವಲ್ಲ, ಭಯ. ನಮ್ಮ ಅಮ್ಮಂದಿರು, ಅಜ್ಜಿಯರು ಒಲೆಯ ಉರಿಯನ್ನು ಕಣ್ಣಿಂದ ನೋಡಿ ಅಡುಗೆ ಮಾಡಿದವರು. ಬೇಯಿಸುವ ಕೆಲಸ ಬಂದರೆ ಈದ್‌ಗೆ ಎರಡು ದಿನ ಮುಂಚೆ ನಾನ್‌ಖಟಾಯಿ ಹಿಟ್ಟನ್ನು ತಟ್ಟೆಗೆ ಹಚ್ಚಿ ಹತ್ತಿರದ ಬೇಕರಿಗೆ ಕಳಿಸಿ, ಅಲ್ಲಿನ ಭಟ್ಟಿಯಲ್ಲಿ ಬೇಯಿಸಿ ತರಿಸುತ್ತಿದ್ದರು. ಈಗ ಭಟ್ಟಿಯೇ ಮನೆಯೊಳಗೆ ಬಂದಿದೆ. ಆದರೆ ಅದನ್ನು ನಡೆಸುವ ವಿದ್ಯೆಯನ್ನು ಯಾರೂ ಹೇಳಿಕೊಟ್ಟಿಲ್ಲ.

ಮೊದಲು ಒಂದು ಗೊಂದಲ ತೀರಿಸಿಕೊಳ್ಳೋಣ. ಇದು ಮೈಕ್ರೋವೇವ್ ಅಲ್ಲ. ಮೈಕ್ರೋವೇವ್‌ನ ಅಲೆಗಳು ಆಹಾರದಲ್ಲಿರುವ ನೀರಿನಂಶವನ್ನು ಬಿಸಿ ಮಾಡುತ್ತವೆ. ಓವನಿನಲ್ಲಿ ಮೇಲೆ, ಕೆಳಗೆ, ಕೆಲವದರಲ್ಲಿ ಹಿಂದಿನ ಫ್ಯಾನಿನ ಸುತ್ತಲೂ ಕಾಯಿಲ್‌ಗಳಿರುತ್ತವೆ. ಅವು ಒಳಗಿನ ಗಾಳಿಯನ್ನು ಕಾಯಿಸುತ್ತವೆ. ಆದ್ದರಿಂದ ಇದರಲ್ಲಿ ಸ್ಟೀಲ್, ಅಲ್ಯೂಮಿನಿಯಂ ಪಾತ್ರೆ ಇಡಬಹುದು. ಪ್ಲಾಸ್ಟಿಕ್, ಮೆಲಮೈನ್, ಪ್ಲಾಸ್ಟಿಕ್ ಹಿಡಿಯ ಪಾತ್ರೆ ಇಡಲೇಬಾರದು.

ವೈರಿಂಗ್ ನೋಡಿ, ಆಮೇಲೆ ಸ್ವಿಚ್ ಒತ್ತಿ

ಓವನಿನ ಬಾಗಿಲ ಅಂಚಿನಲ್ಲೋ ಪಕ್ಕದಲ್ಲೋ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಎಷ್ಟು ವ್ಯಾಟ್ ಎಂದು ಬರೆದಿರುತ್ತದೆ. ಆ ಸಂಖ್ಯೆಯನ್ನು ನಮ್ಮ ಮನೆಯ 230 ವೋಲ್ಟಿನಿಂದ ಭಾಗಿಸಿದರೆ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ತಿಳಿಯುತ್ತದೆ. 2800 ವ್ಯಾಟಿನ ಓವನ್ 12 ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಸಾಕೆಟ್ ಇದನ್ನು ತಡೆಯಲಾರದು. ಮನೆಯ ಮುಖ್ಯ ಬೋರ್ಡಿನಿಂದ ಓವನಿಗೇ ಪ್ರತ್ಯೇಕವಾಗಿ ತಾಮ್ರದ ವೈರ್, ಅದಕ್ಕೆ ತಕ್ಕ ಎಂಸಿಬಿ, 16 ಆಂಪಿಯರ್ ಸಾಕೆಟ್ ಮತ್ತು ಸರಿಯಾದ ಅರ್ಥಿಂಗ್ ಇರಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಪ್ಲಗ್ ಓವನಿನ ಬೆನ್ನಿಗೆ ಸಿಕ್ಕಿಕೊಳ್ಳದೆ, ಪಕ್ಕದ ಕಪಾಟಿನಲ್ಲಿ ಕೈಗೆ ಸಿಗುವಂತಿರಲಿ. ಹಿಂದೆ ಗಾಳಿಯಾಡಲು ಜಾಗ ಬಿಟ್ಟಿದ್ದಾರೆಯೇ ಎಂದೂ ಕೇಳಿ. ಹಳೆಯ ಬಾಡಿಗೆ ಮನೆಯಲ್ಲಿರುವವರು ಓವನ್ ಕೊಳ್ಳುವ ಮುಂಚೆಯೇ ಎಲೆಕ್ಟ್ರಿಷಿಯನ್‌ಗೆ ವೈರಿಂಗ್ ತೋರಿಸುವುದು ಒಳ್ಳೆಯದು.

ಅತ್ತಿಗುಪ್ಪೆಯ ಪರಿಚಯದ ಮನೆಯೊಂದರಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ಫ್ಲಾಟಿಗೆ ಬಂದು ಒಂದು ವರ್ಷವಾದರೂ ಓವನ್ ಹಚ್ಚಿರಲಿಲ್ಲ. ರಮಝಾನ್‌ನ ಕೊನೆಯ ವಾರ ಸೊಸೆ ನಾನ್‌ಖಟಾಯಿ ಮಾಡಲು ಹೊರಟಳು. ಓವನ್ ಹಚ್ಚಿ ಐದು ನಿಮಿಷವಾಗಿಲ್ಲ, ಇಡೀ ಮನೆಯ ಕರೆಂಟ್ ಹೋಯಿತು. ಇಫ್ತಾರ್‌ಗೆ ಅರ್ಧ ಗಂಟೆ ಬಾಕಿ. "ಮೊದಲೇ ಹೇಳಿದ್ದೆ, ಅದರ ತಂಟೆಗೆ ಹೋಗಬೇಡ ಅಂತ" ಎಂದು ಅತ್ತೆ ಸಿಟ್ಟಾದರು. "ಅಮ್ಮೀ, ಪುಸ್ತಕದಲ್ಲಿ ಇದ್ದ ಹಾಗೆಯೇ ಮಾಡಿದೆ" ಎಂದು ಸೊಸೆ ಕಣ್ಣೀರು ಹಾಕಿದಳು. ಮರುದಿನ ಬಂದ ಎಲೆಕ್ಟ್ರಿಷಿಯನ್ ಒಬ್ಬ, "ಅರ್ಥ್ ವೈರ್ ತೆಗೆದುಬಿಟ್ಟರೆ ಟ್ರಿಪ್ ಆಗೋದಿಲ್ಲ, ಎರಡು ನಿಮಿಷದ ಕೆಲಸ" ಎಂದ. ಪುಣ್ಯಕ್ಕೆ ಮಗ ಅದಕ್ಕೆ ಒಪ್ಪಲಿಲ್ಲ. ಓವನ್ ಕಂಪನಿಯ ಮೆಕ್ಯಾನಿಕ್ಕನ್ನು ಕರೆಸಿದ. ಕೆಳಗಿನ ಕಾಯಿಲ್‌ನಲ್ಲಿ ಕರೆಂಟ್ ಸೋರುತ್ತಿತ್ತು. ಅದನ್ನು ಬದಲಾಯಿಸಿದ ಮೇಲೆ ಓವನ್ ಸರಿಯಾಯಿತು.

ಇದು ಹೇಗಾಗುತ್ತದೆ ಎಂದರೆ, ಕಾಯಿಲ್‌ನ ಲೋಹದ ಕೊಳವೆಯೊಳಗೆ ಬಿಳಿಯ ಪುಡಿಯೊಂದನ್ನು ತುಂಬಿರುತ್ತಾರೆ. ಶಾಖವನ್ನು ಹೊರಗೆ ಬಿಟ್ಟು ಕರೆಂಟನ್ನು ಒಳಗೇ ತಡೆಯುವುದು ಅದರ ಕೆಲಸ. ಬಹುಕಾಲ ಬಳಸದಿದ್ದರೆ, ಮಳೆಗಾಲದ ತೇವವಿದ್ದರೆ ಆ ಪುಡಿ ಪಸೆ ಹೀರುತ್ತದೆ. ಆಗ ಸ್ವಲ್ಪ ಕರೆಂಟ್ ಓವನಿನ ಮೈಗೆ ಸೋರುತ್ತದೆ. ಮುಖ್ಯ ಬೋರ್ಡಿನಲ್ಲಿರುವ ಆರ್‌ಸಿಸಿಬಿ, ಅಂದರೆ ನಾವು ಇಎಲ್‌ಸಿಬಿ ಎನ್ನುವ ಸಾಧನ, 30 ಮಿಲಿ ಆಂಪಿಯರ್‌ನಷ್ಟು ಸೋರಿಕೆ ಕಂಡರೂ ಸಂಪರ್ಕ ಕಡಿಯುತ್ತದೆ. ಅದು ಕೆಟ್ಟು ಟ್ರಿಪ್ ಆದದ್ದಲ್ಲ, ತನ್ನ ಕೆಲಸ ಮಾಡಿದ್ದು. ಅರ್ಥ್ ವೈರ್ ಕಿತ್ತಿದ್ದರೆ ಸೋರುವ ಕರೆಂಟ್ ನಿಲ್ಲುತ್ತಿರಲಿಲ್ಲ. ಒದ್ದೆ ಕೈಯಲ್ಲಿ ಬಾಗಿಲು ಮುಟ್ಟುವವರಿಗಾಗಿ ಅಲ್ಲೇ ಕಾದಿರುತ್ತಿತ್ತು. ಸಹೋದರಿಯರೇ, ಯಾರು ಎಷ್ಟೇ ಸಲೀಸಾಗಿ ಹೇಳಿದರೂ ಅರ್ಥ್ ತೆಗೆಯಲು, ಆರ್‌ಸಿಸಿಬಿಯನ್ನು ತಪ್ಪಿಸಲು ಒಪ್ಪಬೇಡಿ. ತಿಂಗಳಿಗೆ ಎರಡು ಸಲವಾದರೂ ಓವನ್ ಹಚ್ಚುತ್ತಿದ್ದರೆ ಕಾಯಿಲ್‌ಗೆ ಪಸೆ ಹಿಡಿಯುವುದು ಕಡಿಮೆ.

ಹಚ್ಚುವ ಕ್ರಮ

ಹೊಸ ಓವನಾದರೆ ಒಳಗಿನ ಕಾಗದ, ಪ್ಲಾಸ್ಟಿಕ್ ಎಲ್ಲ ತೆಗೆದು, ಜಾಲರಿ ಮತ್ತು ಟ್ರೇಗಳನ್ನು ಸೋಪಿನ ನೀರಲ್ಲಿ ತೊಳೆಯಿರಿ. ಕಿಟಕಿ ತೆರೆದು, ಖಾಲಿ ಓವನನ್ನು ಹೆಚ್ಚು ಉಷ್ಣತೆಯಲ್ಲಿ ಅರ್ಧದಿಂದ ಒಂದು ಗಂಟೆ ಕಾಯಿಸಿ. ಬರುವ ವಾಸನೆ, ತೆಳು ಹೊಗೆ ಕಾರ್ಖಾನೆಯಲ್ಲಿ ಸವರಿದ ಎಣ್ಣೆಯದು. ಅದು ಮೊದಲ ಅಡುಗೆಗೆ ಹತ್ತಬಾರದು. ಗಡಿಯಾರವಿರುವ ಅನೇಕ ಓವನ್‌ಗಳು ಸಮಯ ಹೊಂದಿಸದೆ ಕೆಲಸವನ್ನೇ ಮಾಡುವುದಿಲ್ಲ. "ಓವನ್ ಕೆಟ್ಟಿದೆ" ಎಂದು ಮೆಕ್ಯಾನಿಕ್ಕಿಗೆ ಹಣ ಕೊಡುವ ಮುಂಚೆ ಇದನ್ನು ನೋಡಿ.

ಗುಂಡಿಯ ಮೇಲಿನ ಚಿತ್ರಗಳು ಸಾಮಾನ್ಯವಾಗಿ ಹೀಗಿರುತ್ತವೆ: ಮೇಲೊಂದು ಕೆಳಗೊಂದು ಗೆರೆ ಇದ್ದರೆ ಎರಡೂ ಕಡೆಯ ಶಾಖ, ಅಂಕುಡೊಂಕು ಗೆರೆ ಗ್ರಿಲ್, ಫ್ಯಾನ್ ಚಿತ್ರ ಗಾಳಿ ಸುತ್ತಿಸುವುದು. ಕೇಕ್‌ಗೆ ಮೇಲೆ ಕೆಳಗಿನ ಶಾಖದಲ್ಲಿ 180 ಡಿಗ್ರಿ ಎಂದಿದ್ದರೆ, ಫ್ಯಾನ್ ಹಾಕಿದಾಗ 160 ಸಾಕು. ನಾನ್‌ಖಟಾಯಿಗೆ 160ರಿಂದ 170 ಡಿಗ್ರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ. ಹೊರತೆಗೆದಾಗ ಮೆತ್ತಗಿದ್ದರೆ ಗಾಬರಿಯಾಗಬೇಡಿ, ಆರಿದ ಮೇಲೆ ಗಟ್ಟಿಯಾಗುತ್ತದೆ. ಕೋಳಿ ಗ್ರಿಲ್ ಮಾಡುವಾಗ ಜಾಲರಿಯ ಕೆಳಗಿನ ಟ್ರೇಯಲ್ಲಿ ಸ್ವಲ್ಪ ನೀರು ಹಾಕಿದರೆ ಸುರಿಯುವ ಜಿಡ್ಡು ಸುಟ್ಟು ಹೊಗೆಯಾಗುವುದಿಲ್ಲ.

ಮೊದಲು ಓವನ್ ಕಾಯಬೇಕು. ಕೆಂಪು ದೀಪ ಆರಿದಾಗ ಬೇಕಾದ ಶಾಖ ಬಂದಿದೆ ಎಂದರ್ಥ. ಆಮೇಲೆ ಅದು ಹತ್ತಿ ಆರುತ್ತಿದ್ದರೆ ದೋಷವಲ್ಲ, ಥರ್ಮೋಸ್ಟಾಟ್ ಶಾಖವನ್ನು ಕಾಯ್ದುಕೊಳ್ಳುತ್ತಿದೆ. ಕೇಕ್ ಉಬ್ಬುವ ಮುಂಚೆ ಬಾಗಿಲು ತೆರೆದು ನೋಡುವ ಆಸೆ ತಡೆಯಿರಿ, ದೀಪ ಹಾಕಿ ಗಾಜಿನಿಂದಲೇ ನೋಡಿ. ಓವನಿನ ತಳದ ಮೇಲೆ ಟ್ರೇ ಇಡುವುದು, ಫಾಯಿಲ್ ಹಾಸುವುದು ಬೇಡ. ಕೆಳಗಿನ ಕಾಯಿಲ್‌ನ ಶಾಖ ಅಲ್ಲೇ ಸಿಕ್ಕಿಕೊಂಡು ಎನಾಮಲ್ ಕೆಡುತ್ತದೆ.

ಕರೆಂಟ್ ಹೋದರೆ ತಕ್ಷಣ ಗುಂಡಿಯನ್ನು ಸೊನ್ನೆಗೆ ತಿರುಗಿಸಿ. ಇಲ್ಲವಾದರೆ ಎಲ್ಲರೂ ಹೊರಗೆ ಹೋದಾಗ ಕರೆಂಟ್ ಬಂದು ಓವನ್ ತಾನಾಗಿ ಕಾಯಬಹುದು. ಸಾಮಾನ್ಯ ಮನೆ ಇನ್ವರ್ಟರ್ ಇದನ್ನು ನಡೆಸಲಾರದು. ಅಡುಗೆ ಮುಗಿದ ಮೇಲೂ ಫ್ಯಾನ್ ಸದ್ದು ಕೇಳುತ್ತಿದ್ದರೆ ಅದು ನಿಲ್ಲುವ ತನಕ ಗೋಡೆಯ ಸ್ವಿಚ್ ಆರಿಸಬೇಡಿ. ಸುತ್ತಲಿನ ಕಪಾಟಿನ ಮರ, ಒಳಗಿನ ವೈರ್ ತಣ್ಣಗಾಗಲು ಅದು ಬೇಕು.

ಬಿಲ್ಲಿನ ಲೆಕ್ಕ

2500 ವ್ಯಾಟಿನ ಓವನ್ ಕಾಯಲು ಹನ್ನೆರಡು ನಿಮಿಷ ತೆಗೆದುಕೊಂಡರೆ ಅರ್ಧ ಯೂನಿಟ್. ನಂತರ ಅದು ಹತ್ತಿ ಆರುವುದರಿಂದ, ಒಂದು ಗಂಟೆಯ ಕೆಲಸಕ್ಕೆ ಒಟ್ಟು ಸುಮಾರು ಒಂದರಿಂದ ಒಂದೂವರೆ ಯೂನಿಟ್. ವಾರಕ್ಕೆರಡು ಸಲವೆಂದರೆ ತಿಂಗಳಿಗೆ ಹತ್ತು ಹನ್ನೆರಡು ಯೂನಿಟ್. ದೊಡ್ಡದೇನಲ್ಲ ಅನ್ನಿಸಬಹುದು. ಆದರೆ 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಇಡೀ ಬಿಲ್ ನಾವೇ ಕಟ್ಟಬೇಕು. ಗೀಸರ್, ಫ್ರಿಜ್ ಸೇರಿ 190ರ ಹತ್ತಿರ ಇರುವ ಮನೆಗೆ ಈ ಹತ್ತು ಯೂನಿಟ್ಟೇ ಭಾರ. ಮೀಟರನ್ನು ಮುಂಚೆ ಒಮ್ಮೆ, ನಂತರ ಒಮ್ಮೆ ನೋಡಿ ಬರೆದಿಡಿ, ನಿಮ್ಮ ಓವನಿನ ಲೆಕ್ಕ ನಿಮಗೇ ಸಿಗುತ್ತದೆ. ಒಮ್ಮೆ ಕಾಯಿಸಿದರೆ ಬಿಸ್ಕತ್ತು, ಬ್ರೆಡ್, ಕೊನೆಗೆ ಕೋಳಿ ಎಂದು ಸಾಲಾಗಿ ಬೇಯಿಸಿ. ಮಸಾಲೆಯ ವಾಸನೆ ಬಿಸ್ಕತ್ತಿಗೆ ಹತ್ತದಿರಲು ಕೋಳಿ ಕೊನೆಗಿರಲಿ. ಮುಗಿಯುವ ಐದು ನಿಮಿಷ ಮುಂಚೆ ಆರಿಸಿದರೆ ಉಳಿದ ಶಾಖವೇ ಸಾಕು.

ಶುಚಿ

ತಣ್ಣಗಾದ ಮೇಲೆ, ಸ್ವಿಚ್ ಆರಿಸಿ, ಪ್ರತಿ ಸಲವೂ ಒರೆಸಿ. ಬಿಸಿ ಎನಾಮಲ್ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಜಿಡ್ಡು ಅಂಟಿದ್ದರೆ ಟ್ರೇಯಲ್ಲಿ ನೀರಿಟ್ಟು ಇಪ್ಪತ್ತು ನಿಮಿಷ ಕಾಯಿಸಿ, ಆರಿಸಿ, ಬೆಚ್ಚಗಿರುವಾಗ ಮೆತ್ತನೆಯ ಬಟ್ಟೆಯಿಂದ ಒರೆಸಿ. ಹಳೆಯ ಕಲೆಗೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ಒರೆಸಬಹುದು, ಕಾಯಿಲ್‌ಗೆ ಮಾತ್ರ ತಾಗಬಾರದು. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ವಿನೆಗರ್ ಸಾಕು. ಗಾಜಿಗೆ ಸ್ಟೀಲ್ ಜುಂಗು, ಚಾಕು ಹಾಕಬೇಡಿ. ಗೀರು ಬಿದ್ದ ಗಾಜು ಕಾದಾಗ ಒಡೆದು ಚೂರಾಗಬಹುದು. ಬಾಗಿಲ ಸುತ್ತಲಿನ ರಬ್ಬರನ್ನು ಉಜ್ಜಿ ಎಳೆಯದೆ ಮೆಲ್ಲಗೆ ಒರೆಸಿ, ಅದು ಸಡಿಲವಾದರೆ ಶಾಖ ಸೋರುತ್ತದೆ. ತೆರೆದ ಬಾಗಿಲ ಮೇಲೆ ಭಾರದ ಪಾತ್ರೆ ಇಡಬೇಡಿ. ಚೂರು, ಜಿಡ್ಡು ಉಳಿದರೆ ಜಿರಳೆ ಬರುತ್ತದೆ, ಅದು ಗುಂಡಿಗಳ ಹಿಂದಿನ ವೈರುಗಳೊಳಗೆ ಸೇರಿಕೊಂಡರೆ ರಿಪೇರಿ ಸುಲಭವಲ್ಲ.

ಓವನ್ ಉರಿಯುತ್ತಿರುವಾಗ ಗಾಜೂ ಸುಡುತ್ತದೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಚೈಲ್ಡ್ ಲಾಕ್ ಇದ್ದರೆ ಹಾಕಿಡಿ, ಇಲ್ಲದಿದ್ದರೆ ಬಳಸದಿರುವಾಗ ಗೋಡೆಯ ಸ್ವಿಚ್ ಆರಿಸಿಡಿ.

ಒಳಗಿಟ್ಟ ಡಬ್ಬಗಳನ್ನು ಇವತ್ತೇ ಹೊರತೆಗೆಯಿರಿ. ಮಗುವೊಂದು ಆಟಕ್ಕೆ ಗುಂಡಿ ತಿರುಗಿಸಿದರೆ ಆ ಪ್ಲಾಸ್ಟಿಕ್ ಕರಗಿ ಬೆಂಕಿ ಹಿಡಿಯಲು ಹೆಚ್ಚು ಹೊತ್ತು ಬೇಡ. ಆಮೇಲೆ ಪುಸ್ತಕ ಹುಡುಕಿ ತೆಗೆದು, ಅತ್ತೆ, ಸೊಸೆ, ಮಗಳು ಒಟ್ಟಿಗೆ ಕೂತು ಓದಿ. ಮನೆಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿರುವ ಯಂತ್ರ ಕೆಟ್ಟಾಗ ಆರೋಪ ಅವಳ ತಲೆಗೇ ಬರುತ್ತದೆ. ಎಲ್ಲರಿಗೂ ಗೊತ್ತಿದ್ದರೆ ಕೆಲಸವೂ ಹಂಚಿಹೋಗುತ್ತದೆ, ಭಯವೂ ಹೋಗುತ್ತದೆ.