ಹರಿದಿದ್ದು ಮಾನಿಟರ್ ಅಲ್ಲ ಮಾರಾಯ್ರೆ

ಕಂಪ್ಯೂಟರಲ್ಲಿ ಚಿತ್ರ ಅಡ್ಡಕ್ಕೆ ಸೀಳಿದ ಹಂಗೆ ಕಂಡ್ರೆ ಹೊಸ ಮಾನಿಟರ್ ತರೋಕೆ ಹೋಗ್ಬೇಡಿ. ಇದು ನನ್ನ ಖಡಕ್ ಅಭಿಪ್ರಾಯ. ನಮ್ಮ ಎನ್.ಆರ್.ಪುರದ ಮನೆಯಲ್ಲೇ ಕೂತು ಮಗ ಯೂನಿಟಿ ಅನ್ನೋ ಸಾಫ್ಟ್‌ವೇರಲ್ಲಿ ಗೇಮ್ ಮಾಡ್ತಾನೆ. ಅಡಿಕೆ ತೋಟದೊಳಗೆ ಒಬ್ಬ ಹುಡುಗ ಓಡೋ ಆಟ. ಓಡಿಸಿ ನೋಡಿದ್ರೆ ಮರಗಳೆಲ್ಲ ನಡುವಿಗೆ ಕತ್ತರಿಸಿ ಪಕ್ಕಕ್ಕೆ ಜರುಗಿಸಿಟ್ಟ ಹಂಗೆ. ರಿಪೇರಿ ಅಂಗಡಿಯವರಿಗೆ ಫೋನ್ ಮಾಡಿದ್ರೆ, ನೋಡ್ದೇನೇ "ಪ್ಯಾನೆಲ್ ಹೋಗಿದೆ, 12,000 ಆಗ್ತದೆ" ಅಂದ್ರು. ಹೋಗಿದ್ದು ಪ್ಯಾನೆಲ್ ಅಲ್ಲವೇ ಅಲ್ಲ.

(ಗೇಮ್ ಮಾಡೋದು ಕೆಲಸವಾ ಅಂತ ಕೇಳೋರು ನೆಂಟರಲ್ಲಿ ಇನ್ನೂ ಇದಾರೆ. ಬೆಂಗಳೂರಲ್ಲಿ ಧ್ರುವ ಅಂತ ಗೇಮ್ ಕಂಪನಿ ಶುರುವಾಗಿದ್ದೇ 1997ರಲ್ಲಿ. ಅದಿರ್ಲಿ.)

ಮಾಮೂಲಿ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸ್ತದೆ, ಪ್ರತಿ ಸಲನೂ ಮೇಲಿಂದ ಕೆಳಗೆ ಸಾಲು ಸಾಲಾಗಿ ಬರ್ಕೊಂಡು ಬರ್ತದೆ. ಚಿತ್ರ ತಯಾರು ಮಾಡೋ ಗ್ರಾಫಿಕ್ಸ್ ಕಾರ್ಡಿಗೆ ಆ ಲೆಕ್ಕ ಬೇಕಿಲ್ಲ. ತನ್ನದು ಮುಗೀತು ಅಂದ ಕೂಡ್ಲೆ ಮುಂದಿನದನ್ನ ತಳ್ಳಿಬಿಡ್ತದೆ. ಮಾನಿಟರ್ ಅರ್ಧ ಬರೆದಿರುವಾಗ ಹೊಸದು ಬಂದ್ರೆ ಮೇಲರ್ಧ ಹಳೇ ಚಿತ್ರ, ಕೆಳಗರ್ಧ ಹೊಸದು. ಇದನ್ನೇ ಸ್ಕ್ರೀನ್ ಟೇರಿಂಗ್ ಅನ್ನೋದು. ಯಕ್ಷಗಾನ ನೋಡಿದೋರಿಗೆ ಬೇಗ ಅರ್ಥ ಆಗ್ತದೆ. ವೇಷ ಕಟ್ಟೋದು ಚೌಕಿಯಲ್ಲಿ, ರಂಗಕ್ಕೆ ಬಂದ ಮೇಲೂ ತೆರೆ ಹಿಡಿದು ಸಮಯ ನೋಡಿ ಇಳಿಸ್ತಾರೆ. ತೆರೆ ಹಿಡಿಯೋನು ಗಡಿಬಿಡಿ ಮಾಡಿದ್ರೆ ಹೋಗೋ ವೇಷ, ಬರೋ ವೇಷ ಎರಡೂ ಒಟ್ರಾಶಿ ಕಾಣ್ತವೆ. ವಿಸಿಂಕ್ ಅನ್ನೋ ಸೆಟ್ಟಿಂಗ್ ಆ ತೆರೆ ಹಿಡಿಯೋನು. ಮಾನಿಟರ್ ಒಂದು ಚಿತ್ರ ಪೂರ್ತಿ ಬರೆದು ಮುಗಿಸೋವರೆಗೂ ಮುಂದಿನದನ್ನ ತಡೆದು ನಿಲ್ಲಿಸ್ತದೆ.

ಪ್ಯಾನೆಲ್ ಹಾಳಾಗಿದ್ಯಾ ಇಲ್ವಾ ಅಂತ ಮನೆಯಲ್ಲೇ ತಿಳ್ಕೋಬಹುದು. ಪ್ಯಾನೆಲಿನ ಗೆರೆ ಆದ್ರೆ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಇರ್ತದೆ, ಬರೀ ಡೆಸ್ಕ್‌ಟಾಪ್ ಇದ್ರೂ ಕಾಣ್ತದೆ. ಈ ಸೀಳು ಮೇಲೆ ಕೆಳಗೆ ಜಾಗ ಬದಲಿಸ್ತದೆ, ಚಿತ್ರ ಅಡ್ಡಡ್ಡ ಸರಿಯುವಾಗ ಮಾತ್ರ ಎದ್ದು ಕಾಣ್ತದೆ. ಇನ್ನೊಂದು ವಿಷ್ಯ: ಸ್ಕ್ರೀನ್‌ಶಾಟ್ ತೆಗೆದ್ರೆ ಸೀಳು ಅದರಲ್ಲಿ ಬರೋದೇ ಇಲ್ಲ, ಯಾಕಂದ್ರೆ ಒಳಗಿರೋ ಚಿತ್ರ ಪೂರ್ತಿ ಸರಿಯಾಗೇ ಇರ್ತದೆ. ಫೋನಲ್ಲಿ ನಿಧಾನದ ವಿಡಿಯೋ ಮಾಡಿದ್ರೆ ಸಿಕ್ಕಿಬೀಳ್ತದೆ.

ಸರಿ ಮಾಡೋದಕ್ಕೆ ದುಡ್ಡು ಬೇಡ. ಯೂನಿಟಿಯಲ್ಲಿ ಗೇಮ್ ವ್ಯೂ ಮೇಲುಗಡೆ ಪರದೆ ಅಳತೆ ಆರಿಸೋ ಪಟ್ಟಿ ಉಂಟಲ್ಲ, ಅದರೊಳಗೇ ವಿಸಿಂಕ್ ಅಂತ ಇದೆ, ಟಿಕ್ ಹಾಕಿದ್ರಾಯ್ತು. ಆದ್ರೆ ಅದು ಕೆಲಸ ಮಾಡುವಾಗ ನೋಡೋಕೆ ಮಾತ್ರ. ತಯಾರಾದ ಆಟಕ್ಕೆ ಪ್ರಾಜೆಕ್ಟ್ ಸೆಟ್ಟಿಂಗ್ಸ್ ಒಳಗೆ ಕ್ವಾಲಿಟಿಗೆ ಹೋಗಿ ವಿಸಿಂಕ್ ಕೌಂಟ್ ಅನ್ನೋದನ್ನ 'ಎವ್ರಿ ವಿ ಬ್ಲಾಂಕ್' ಮಾಡ್ಬೇಕು. ಇವೆರಡೂ ಬೇರೆ ಬೇರೆ ಅಂತ ಗೊತ್ತಿಲ್ದೇ ಹುಡುಗರು ತಲೆ ಕೆಡಿಸ್ಕೊಳ್ತಾರೆ. ಗೊಡೋ ಬಳಸೋರಿಗೆ ಡಿಸ್‌ಪ್ಲೇ, ವಿಂಡೋ ಅನ್ನೋ ಕಡೆ ವಿಸಿಂಕ್ ಮೋಡ್ ಸಿಗ್ತದೆ, ಅದು ಮೊದಲಿಂದಲೇ ಆನ್ ಇರ್ತದೆ. ಸೆಕೆಂಡಿಗೆ 60 ಚಿತ್ರ ಅಂತ ಬರೀ ಮಿತಿ ಹಾಕಿದ್ರೆ ಸಾಲದು. ಲೆಕ್ಕ ಸರಿ ಹೋದ್ರೂ ತಾಳ ಕೂಡೋದಿಲ್ಲ, ಸೀಳು ಹಂಗೇ ಮೇಲೆ ಕೆಳಗೆ ತೇಲ್ತಾ ಇರ್ತದೆ.

ನಂಗೆ ಇದ್ರಲ್ಲಿ ಮುಖ್ಯ ಅನ್ಸಿದ್ದು ಕರೆಂಟಿನ ವಿಷ್ಯ. ವಿಸಿಂಕ್ ಇಲ್ಲದಾಗ ಇಂಥ ಸಣ್ಣ ಆಟಕ್ಕೂ ಕಾರ್ಡು ಸೆಕೆಂಡಿಗೆ 300, 400 ಚಿತ್ರ ಬರೀತಾ ಕೂತಿರ್ತದೆ. ಮಾನಿಟರ್ ತೋರಿಸೋದು 60 ಮಾತ್ರ. ಉಂಬೋರು ಆರು ಜನ ಇರೋ ಮನೆಯಲ್ಲಿ ನಲವತ್ತು ಜನಕ್ಕೆ ಅನ್ನ ಮಾಡಿ ಚೆಲ್ಲಿದ ಹಂಗೆ! ಕಾರ್ಡು ಕಾಯ್ತದೆ, ಫ್ಯಾನು ಗುಯ್‌ಗುಡ್ತದೆ. ಜಡಿಮಳೆಗೆ ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ದೇ ಇನ್‌ವರ್ಟರ್ ನಂಬ್ಕೊಂಡಿರೋ ನಮ್ಮಂಥೋರ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಟಿಕ್ ಹಾಕಿದ ದಿನವೇ ಫ್ಯಾನಿನ ಸದ್ದು ಅಡುಗೆಮನೆಗೆ ಕೇಳೋದು ನಿಂತಿದೆ.

ವಿಸಿಂಕಿಗೂ ದೋಷ ಉಂಟು, ಇಲ್ಲ ಅನ್ನಲ್ಲ. ಚಿತ್ರ ಕಾಯೋದ್ರಿಂದ ಬಟನ್ ಒತ್ತಿದ್ದು ಒಂಚೂರು ತಡವಾಗಿ ಕಾಣ್ತದೆ. ಕಂಪ್ಯೂಟರಿಗೆ 60 ಮುಟ್ಟೋ ತಾಕತ್ತಿಲ್ಲದಿದ್ರೆ ಕೆಲವು ಸಲ ಸೀದಾ 30ಕ್ಕೆ ಇಳೀತದೆ. ಚಕಚಕ ಗುಂಡು ಹೊಡಿಯೋ ಆಟದೋರಿಗೆ ಇದು ಆಗಿಬರಲ್ಲ. ಕಾರ್ಡಿನ ವೇಗಕ್ಕೆ ತಾನೇ ಹೊಂದ್ಕೊಳ್ಳೋ ಫ್ರೀಸಿಂಕ್, ಜಿಸಿಂಕ್ ಮಾನಿಟರುಗಳೂ ಬಂದಿವೆ, ಆದ್ರೆ ತೋಟದೊಳಗೆ ಓಡೋ ಹುಡುಗನಿಗೆ ಅಷ್ಟೆಲ್ಲ ಯಾಕೆ?

ಅದ್ಕೆ ನಾನು ಹೇಳೋದು, ಆಟದ ಸೆಟ್ಟಿಂಗ್ಸಲ್ಲಿ ವಿಸಿಂಕ್ ಆನ್-ಆಫ್ ಎರಡೂ ಕೊಡ್ಲಿ, ಆದ್ರೆ ಆಡೋರ ಕೈಗೆ ಹೋಗುವಾಗ ಆನ್ ಆಗೇ ಇರ್ಲಿ. ಬೇಡದೋರು ತೆಗೀತಾರೆ. ಮಗ ಮಾತ್ರ ಇನ್ನೂ ಒಪ್ಪಿಲ್ಲ, "ಅಮ್ಮ, ಫ್ರೇಮ್ ರೇಟ್ ಜಾಸ್ತಿ ಕಾಣ್ದಿದ್ರೆ ಯಾರೂ ಮೆಚ್ಚಲ್ಲ" ಅಂತಾನೆ.